ಕೆರೆಗಳನ್ನು ನುಂಗಿದ ಊರಲ್ಲಿ ಉಳಿದ ರಂಕಾಳ

ಕೊಲ್ಹಾಪುರ ಎಂದೊಡನೆ ಅಂಬಾಬಾಯಿ, ಚಪ್ಪಲಿ, ತಾಂಬಡಾ ರಸ್ಸಾ ನೆನಪಾಗುತ್ತವೆ. ಈ ಊರನ್ನು ಸಾಕಿದ್ದು ಮಾತ್ರ ಕೆರೆಗಳು. ಅವುಗಳಲ್ಲಿ ಹಲವನ್ನು ಮುಚ್ಚಿ ಸಂತೆ, ಮೈದಾನ, ಕ್ರೀಡಾಂಗಣ ಮಾಡಿಕೊಂಡಾಗಿದೆ. ಉಳಿದ ರಂಕಾಳವೂ ಚರಂಡಿ ನೀರು ಕುಡಿದು ಸೊರಗುತ್ತಿದೆ. ಶಿಲಾಹಾರರ ಕಾಲದಿಂದ ಈ ನೀರಿನ ಜೊತೆ ಕನ್ನಡಿಗರ ನಂಟಿದೆ. ಆದ್ದರಿಂದ ಇದರ ಗೋಳು ನಮ್ಮದೂ ಹೌದು.

ಮಳೆ ಈಗಷ್ಟೇ ಬಿಡುವು ಕೊಟ್ಟಿದೆ. ರಂಕಾಳದ ಒಡ್ಡಿನ ಕಲ್ಲುಗಳಿಂದ ಇನ್ನೂ ನೀರು ಜಿನುಗುತ್ತಿದೆ. ಬೇಸಿಗೆಯಲ್ಲಿ ಕಾಲು ನೆನೆಯದೆ ಒಳಗೆ ಹೋಗಿ ಕೂರಬಹುದಾದ ಸಂಧ್ಯಾಮಠದ ಕಂಬಗಳು ಈಗ ಕೆರೆಯೊಳಗೆ ಅಡಗಿವೆ. ಮೇಲಿನ ಕಲ್ಲಿನ ಚಾವಣಿ ಮಾತ್ರ ನೀರಿನ ಮಟ್ಟಕ್ಕೆ ಕಾಣುತ್ತದೆ. ಆಚೆ ದಡದಲ್ಲಿ ಶಾಲಿನಿ ಪ್ಯಾಲೇಸಿನ ಗಡಿಯಾರದ ಗೋಪುರಕ್ಕೆ ಮೋಡ ತಾಗಿದೆ.

ಭೇಳ್ ಗಾಡಿಗಳ ದೀಪ ಹತ್ತಿದವು. ಭಡಂಗದ ಮೇಲೆ ಈರುಳ್ಳಿ, ನಿಂಬೆರಸ ಬಿದ್ದ ವಾಸನೆ ದಂಡೆಯುದ್ದಕ್ಕೂ ಹರಡಿತು. ಮರಾಠಿಯ ಗದ್ದಲದ ನಡುವೆ ಒಂದು ದನಿ ಕಿವಿಗೆ ಬಿತ್ತು: "ಹುಡುಗೂರ್ನ ದಂಡೀಗೆ ಬಿಡಬ್ಯಾಡ್ರೀ ಅಕ್ಕಾರ, ಪಾಚಿ ಕಟ್ಟೇತಿ, ಜಾರತೈತಿ!"

ದೇವಿಯ ದರ್ಶನ ಮುಗಿಸಿ ಬಂದ ಗಡಿಯಾಚೆಯ ಕುಟುಂಬ. ಅಂಬಾಬಾಯಿಗೆ ಉಡಿ ತುಂಬಿದ ಮೇಲೆ ಮಕ್ಕಳಿಗೆ ರಂಕಾಳ ತೋರಿಸಿಯೇ ಬಸ್ಸು ಹತ್ತುವುದು ನಿಪ್ಪಾಣಿ, ಚಿಕ್ಕೋಡಿ, ಗೋಕಾಕದ ಎಷ್ಟೋ ಮನೆಗಳ ರೂಢಿ. ನವರಾತ್ರಿ ಹತ್ತಿರವಾದಂತೆ ಈ ದಂಡೆಯಲ್ಲಿ ಕನ್ನಡದ ದನಿ ಇನ್ನೂ ಹೆಚ್ಚುತ್ತದೆ.

ದಂಡೆಯ ಮೇಲಿನ ದೊಡ್ಡ ನಂದಿಗೊಂದು ಕಥೆಯಿದೆ. ಅದು ದಿನಕ್ಕೆ ಗೋಧಿಕಾಳಿನಷ್ಟು ಕೆರೆಯತ್ತ ಸರಿಯುತ್ತದಂತೆ, ಅಕ್ಕಿಕಾಳಿನಷ್ಟು ಹಿಂದಕ್ಕೆ ಬರುತ್ತದಂತೆ. ಅದು ನೀರು ಮುಟ್ಟಿದ ದಿನ ಪ್ರಳಯ. ಅಜ್ಜಿಯಂದಿರು ಈಗಲೂ ಮೊಮ್ಮಕ್ಕಳಿಗೆ ಇದನ್ನು ಹೇಳುತ್ತಾರೆ. ಕೆರೆಯ ಅಳಿವನ್ನೂ ಜಗತ್ತಿನ ಅಳಿವನ್ನೂ ಒಂದೇ ದಾರಕ್ಕೆ ಪೋಣಿಸಿದ ಹಿರಿಯರ ಬುದ್ಧಿ ದೊಡ್ಡದು.

ಕಲ್ಲು ಕೊಟ್ಟ ಗಣಿ, ನೀರು ಕೊಟ್ಟ ಕೆರೆ

ರಂಕಾಳ ಮೊದಲು ಕಲ್ಲಿನ ಗಣಿಯಾಗಿತ್ತು ಎಂದು ಊರಿನವರು ಹೇಳುತ್ತಾರೆ. ಅಂಬಾಬಾಯಿಯ, ಅಂದರೆ ಮಹಾಲಕ್ಷ್ಮಿಯ, ಗುಡಿಯ ಕಪ್ಪು ಕಲ್ಲುಗಳು ಇಲ್ಲಿಂದಲೇ ಹೋದವಂತೆ. ಒಂಬತ್ತನೇ ಶತಮಾನದ ಆಸುಪಾಸಿನಲ್ಲಿ ಭೂಮಿ ನಡುಗಿ ಗಣಿಯ ತಳ ಬಿರಿಯಿತು, ಒರತೆ ಎದ್ದು ಕೆರೆಯಾಯಿತು ಎಂಬುದು ಐತಿಹ್ಯ. ದಂಡೆಯ ರಂಕಭೈರವ ಕೆರೆಗೆ ಹೆಸರು ಕೊಟ್ಟ. ಸಂಸ್ಥಾನದ ಕಾಲದಲ್ಲಿ ಕಲ್ಲಿನ ಒಡ್ಡು, ಮೆಟ್ಟಿಲು, ಗೋಪುರ ಕಟ್ಟಿದರು. 1931ರಿಂದ 1934ರೊಳಗೆ ರಾಜಕುಮಾರಿ ಶಾಲಿನಿರಾಜೆ ಹೆಸರಿನ ಅರಮನೆ ಎದ್ದಿತು. 1987ರಲ್ಲಿ ಅದು ಹೋಟೆಲಾಯಿತು.

ರಂಕಾಳ ಒಂಟಿ ಕೆರೆಯೇನಲ್ಲ. ಹಳೆಯ ಕೊಲ್ಹಾಪುರದಲ್ಲಿ ಪೇಟೆಗೊಂದು ಕೆರೆ, ಕೆರೆಗೊಂದು ದೇವರು. ಕಪಿಲತೀರ್ಥ, ವರುಣತೀರ್ಥ, ಕೋಟಿತೀರ್ಥ, ರಾವಣೇಶ್ವರ, ಪದ್ಮಾಳ, ಸಿದ್ಧಾಳ ಎಂದು ಹೆಸರು ಹೇಳುತ್ತ ಹೋದರೆ ಊರಿನ ನಕ್ಷೆಯೇ ಬಿಚ್ಚಿಕೊಳ್ಳುತ್ತದೆ. ದಕ್ಷಿಣಕ್ಕೆ ಕಾತ್ಯಾಯಿನಿ ಗುಡ್ಡದ ಕೆಳಗೆ ಕಳಂಬಾ ಕೆರೆ, ಪೂರ್ವಕ್ಕೆ ರಾಜಾರಾಮ ಕೆರೆ, ಉತ್ತರಕ್ಕೆ ಪಂಚಗಂಗೆ. ಮಂಗಳವಾರ ಪೇಟೆಯ ಒಂದು ಜಾಗಕ್ಕೆ ಇವತ್ತಿಗೂ 'ಪಾಣ್ಯಾಚಾ ಖಜಿನಾ', ಅಂದರೆ ನೀರಿನ ಖಜಾನೆ ಎಂದೇ ಹೆಸರು.

ಕೆರೆಯ ಕಥೆಯೇ ಊರಿನ ಚರಿತ್ರೆಯಾದ ಊರುಗಳು ಲೋಕದಲ್ಲಿ ಬೇರೆಯೂ ಇವೆ. ಫ್ರಾನ್ಸಿನ ನೈಋತ್ಯದಲ್ಲಿ, ಬೋರ್ಡೊ ನಗರದ ತೆಂಕಣ ಲ್ಯಾಂಡ್ ಸೀಮೆಯಲ್ಲಿ, ಸಾಂಗಿನೆ ಎಂಬ ಪುಟ್ಟ ಊರಿದೆ. ಅಟ್ಲಾಂಟಿಕ್ ಕಡಲಿನ ಗಾಳಿ ಮರಳಿನ ದಿಬ್ಬ ಒಟ್ಟಿ ಅಲ್ಲಿನ ಹೊಳೆಯ ಬಾಯಿ ಮುಚ್ಚಿತು. ಕಡಲಿಗೆ ದಾರಿ ಕಾಣದ ನೀರು ನಿಂತು ಕೆರೆಯಾಯಿತು, ಶತಮಾನಗಳುದ್ದಕ್ಕೂ ಏರುತ್ತ ಹೋಯಿತು. ರೋಮನ್ನರ ಹೆದ್ದಾರಿಯ ಮೇಲಿದ್ದ ಲೋಸಾ ಎಂಬ ಹಳ್ಳಿ ಗುಡಿಸಮೇತ ಮುಳುಗಿತು. ಜನ ಗಂಟುಮೂಟೆ ಕಟ್ಟಿ ಹಿಂದೆ ಹಿಂದೆ ಸರಿದು ಹೊಸ ಊರು ಕಟ್ಟಿಕೊಂಡರು.

ಇಪ್ಪತ್ತನೇ ಶತಮಾನದಲ್ಲಿ ಮುಳುಗುಗಾರರು ಆ ಗುಡಿಯ ಗೋಡೆ, ಇಡೀ ಮರ ಕೊರೆದು ಮಾಡಿದ ದೋಣಿಗಳನ್ನು ಕೆರೆಯ ತಳದಲ್ಲಿ ಕಂಡರು. ಊರಿನವರು ಅವಕ್ಕಾಗಿ ಒಂದು ವಸ್ತುಸಂಗ್ರಹಾಲಯವನ್ನೇ ಕಟ್ಟಿದ್ದಾರೆ.

ಅಲ್ಲಿ ಕೆರೆ ಊರನ್ನು ನುಂಗಿತು. ಕೊಲ್ಹಾಪುರದಲ್ಲಿ ಊರೇ ಕೆರೆಗಳನ್ನು ನುಂಗಿತು. ಅಲ್ಲಿನವರು ಮುಳುಗಿದ್ದನ್ನು ಹುಡುಕಿ ನೆನಪಿಟ್ಟುಕೊಂಡರು. ಇಲ್ಲಿ ಮುಚ್ಚಿದ್ದನ್ನು ಅಗೆಯುವುದು ಹಾಗಿರಲಿ, ಒಂದು ಫಲಕ ಹಾಕುವಷ್ಟೂ ನೆನಪು ಉಳಿಯುವುದು ಕಷ್ಟವಾಗಿದೆ.

ಅಂಬಾಬಾಯಿಯ ವರ ಪಡೆದ ಅರಸರು

ಕೊಲ್ಹಾಪುರದ ಶಿಲಾಹಾರರು ಕಲ್ಯಾಣ ಚಾಲುಕ್ಯರ ಸಾಮಂತರು. ಮಹಾಲಕ್ಷ್ಮಿಯಿಂದ ವರಪ್ರಸಾದ ಪಡೆದವರೆಂದು ಶಾಸನಗಳಲ್ಲಿ ಹೇಳಿಕೊಂಡವರು. ಆರನೇ ವಿಕ್ರಮಾದಿತ್ಯನ ರಾಣಿ ಚಂದಲದೇವಿ ಈ ಮನೆತನದ ಹೆಣ್ಣುಮಗಳು. ಅವರ ಶಾಸನಗಳಲ್ಲಿ ಸಂಸ್ಕೃತದ ಜೊತೆಗೆ ಕನ್ನಡವಿದೆ. ಮಹಾಲಕ್ಷ್ಮಿ ಗುಡಿಯ ಗೋಡೆಗಳ ಮೇಲೂ ಕನ್ನಡ ಅಕ್ಷರಗಳಿವೆ. ಶಿಲಾಹಾರ ಅರಸ ವಿಜಯಾದಿತ್ಯನ ಮಂತ್ರಿ ಲಕ್ಷ್ಮನ ಆಶ್ರಯದಲ್ಲಿ ಕರ್ಣಪಾರ್ಯ 'ನೇಮಿನಾಥ ಪುರಾಣ' ಬರೆದ. ಹನ್ನೆರಡನೇ ಶತಮಾನದ ಕನ್ನಡ ಸಾಹಿತ್ಯದ ಒಂದು ಒಳ್ಳೆಯ ಕಾವ್ಯ ಹುಟ್ಟಿದ್ದು ಈ ನಾಡಿನಲ್ಲಿ.

ಕೊಲ್ಹಾಪುರದ 1135ರ ಶಾಸನವೊಂದು ಆ ದಿನಗಳ ಸಂತೆಯನ್ನೇ ಕಣ್ಣಮುಂದೆ ತರುತ್ತದೆ. ಶಿಲಾಹಾರ ಅರಸ ಗಂಡರಾದಿತ್ಯನ ಸಾಮಂತ ನಿಂಬದೇವರಸ ಕವಡೆಗೊಳ್ಳದ ಸಂತೆಯಲ್ಲಿ ಪಾರ್ಶ್ವನಾಥನ ಬಸದಿ ಕಟ್ಟಿಸಿದ. ಅಯ್ಯಾವೊಳೆ ಐನೂರ್ವರ ಬಳಗದ ವರ್ತಕರು ತಮ್ಮ ಸರಕಿನ ಮೇಲಿನ ಆಯವನ್ನು ಅದಕ್ಕೆ ಬಿಟ್ಟುಕೊಟ್ಟರು. ಅಯ್ಯಾವೊಳೆ ಎಂದರೆ ನಮ್ಮ ಐಹೊಳೆ. ಮಲಪ್ರಭೆಯ ದಡದ ಹೆಸರು ಹೊತ್ತ ವರ್ತಕರು ಪಂಚಗಂಗೆಯ ದಡದಲ್ಲಿ ವ್ಯಾಪಾರ ಮಾಡುತ್ತಿದ್ದರು, ಗಳಿಸಿದ್ದರಲ್ಲಿ ಒಂದು ಪಾಲನ್ನು ಊರಿಗೇ ಕೊಡುತ್ತಿದ್ದರು.

ಆ ಲೋಕವನ್ನು ಕಾಣಬೇಕೆಂದರೆ ಕೊಲ್ಹಾಪುರದಿಂದ ಮೀರಜ್ ಕಡೆಯ ಪ್ಯಾಸೆಂಜರ್ ರೈಲು ಹತ್ತಿ. 1891ರಲ್ಲಿ ಹಾಕಿದ ಹಳಿ ಇದು. ದಾರಿಯಲ್ಲಿ ವಳಿವಡೆ ಸಿಗುತ್ತದೆ. ಶಿಲಾಹಾರ ಅರಸರು ಬೀಡುಬಿಟ್ಟಿದ್ದ ವಳವಾಡ ಇದೇ ಎನ್ನುವ ವಿದ್ವಾಂಸರಿದ್ದಾರೆ. ಎರಡನೇ ಮಹಾಯುದ್ಧದಲ್ಲಿ ಮನೆಮಠ ಕಳೆದುಕೊಂಡ ಸುಮಾರು 5,000 ಪೋಲೆಂಡ್ ನಿರಾಶ್ರಿತರಿಗೆ 1943ರಿಂದ 1948ರವರೆಗೆ ನೆಲೆ ಕೊಟ್ಟದ್ದೂ ಇದೇ ವಳಿವಡೆ.

ಪಂಚಗಂಗೆಯ ಸೇತುವೆ ದಾಟಿದರೆ ರುಕಡಿ. ಮುಂದೆ ಕಬ್ಬಿನ ಹೊಲಗಳ ನಡುವೆ ಹಾತಕಣಂಗಲೆ. ಈ ತಾಲ್ಲೂಕಿನ ಹೇರ್ಲೆ ಎಂಬ ಹಳ್ಳಿಯನ್ನು 1143ರ ಒಂದು ಶಾಸನ 'ಹಾವಿನ ಹೇರಿಲಗೆ' ಎಂದು ಕರೆದಿದೆ. ಮಾಘನಂದಿ ಸಿದ್ಧಾಂತಿಗಳ ಶಿಷ್ಯ ವಾಸುದೇವ ಅಲ್ಲಿ ಬಸದಿ ಕಟ್ಟಿಸಿದ್ದ. ಅದರ ಪೂಜೆಗೆ, ದುರಸ್ತಿಗೆ, ಮುನಿಗಳ ಊಟಕ್ಕೆ ವಿಜಯಾದಿತ್ಯ ಕೊಟ್ಟದ್ದು ಕುಂಡಿ ನಾಡಿನ ಅಳತೆಕೋಲಿನಲ್ಲಿ ಅಳೆದ ಕಾಲು ನಿವರ್ತನ ಹೊಲ ಮತ್ತು ಹನ್ನೆರಡು ಮೊಳದ ಒಂದು ಮನೆ. ಇಷ್ಟು ಚಿಕ್ಕ ದಾನವನ್ನೂ ಕಲ್ಲಿನಲ್ಲಿ ಕೊರೆಸಿ ಒಂಬೈನೂರು ವರ್ಷ ಬಾಳುವಂತೆ ಮಾಡಿದರು. ಸಾರ್ವಜನಿಕ ಸ್ವತ್ತಿನ ಲೆಕ್ಕ ಇಡುವ ರೀತಿ ಅದು.

---

ಚೌಕಟ್ಟು: ಒಂದು ಕೆರೆ, ಮೂರು ದೇವರು

- ಶಕ 1032, ಅಂದರೆ ಕ್ರಿ.ಶ. 1110ರ ತಾಮ್ರಪಟ ಗಂಡರಾದಿತ್ಯನ ದಾನವೊಂದನ್ನು ಹೇಳುತ್ತದೆ.
- ಮಿರಿಂಜೆ ನಾಡಿನ ಇರುಕುಡಿಯಲ್ಲಿ ಅವನು 'ಗಂಡಸಮುದ್ರ' ಎಂಬ ಕೆರೆ ಕಟ್ಟಿಸಿದ. ಮಿರಿಂಜೆ ಎಂದರೆ ಇಂದಿನ ಮೀರಜ್.
- ಕೆರೆಯ ದಡದಲ್ಲಿ ಈಶ್ವರ, ಬುದ್ಧ, ಅರ್ಹಂತ ಮೂವರನ್ನೂ ಪ್ರತಿಷ್ಠಾಪಿಸಿ ಮೂವರಿಗೂ ಭೂಮಿ ಬಿಟ್ಟ.
- ಇರುಕುಡಿ ಎಂಬ ಹೆಸರು ಹಾತಕಣಂಗಲೆ ತಾಲ್ಲೂಕಿನ ರುಕಡಿಯನ್ನು ನೆನಪಿಸುತ್ತದೆ.

---

ಗಂಡಸಮುದ್ರದ ಈ ತಾಮ್ರಪಟ ಬಹಳ ಮುಖ್ಯ. ಶೈವರು, ಬೌದ್ಧರು, ಜೈನರು ವಾದದಲ್ಲಿ ಎದುರುಬದುರಾಗಿದ್ದ ಕಾಲ ಅದು. ಅರಸ ಮೂವರಿಗೂ ಜಾಗ ಹುಡುಕಿದ್ದು ಕೆರೆಯ ಏರಿಯ ಮೇಲೆ. ಬಾಯಾರಿಕೆಗೆ ಮತವಿಲ್ಲ. ಊರಲ್ಲಿ ಎಲ್ಲರಿಗೂ ಸೇರಿದ ಜಾಗ ಎಂದರೆ ಕೆರೆ ಎಂಬುದನ್ನು ಅವನು ಬಲ್ಲವನಾಗಿದ್ದ.

ನೆಲದಡಿಯ ಚರಿತ್ರೆ ತೆಗೆದ ಕನ್ನಡದ ಮೇಷ್ಟ್ರು

ಇದನ್ನೆಲ್ಲ ನಮಗೆ ಓದಿಕೊಟ್ಟವರಲ್ಲಿ ಮೊದಲು ನೆನೆಯಬೇಕಾದವರು ಕೆ.ಜಿ. ಕುಂದಣಗಾರರು. ಕೊಲ್ಹಾಪುರದ ರಾಜಾರಾಮ ಕಾಲೇಜಿನಲ್ಲಿ ಕನ್ನಡ ಕಲಿಸುತ್ತಿದ್ದರು. ಪಾಠ ಮುಗಿಸಿ ಹಳ್ಳಿ ಹಳ್ಳಿ ತಿರುಗಿ ಶಾಸನ ಓದುತ್ತಿದ್ದರು. ಉತ್ತರ ಕರ್ನಾಟಕ ಮತ್ತು ಕೊಲ್ಹಾಪುರ ಸಂಸ್ಥಾನದ ಶಾಸನಗಳ ಅವರ ಸಂಪುಟ 1939ರಲ್ಲಿ ಹೊರಬಂತು.

ಪಂಚಗಂಗೆಯ ದಡದ ಬ್ರಹ್ಮಪುರಿ ದಿಬ್ಬದಲ್ಲಿ 1944ರಲ್ಲಿ ಕಂಚಿನ ವಸ್ತುಗಳ ರಾಶಿ ಬೆಳಕಿಗೆ ಬಂದಾಗ ಅದರ ಬೆನ್ನು ಹತ್ತಿದವರೂ ಅವರೇ. ಅದರಲ್ಲಿ ರೋಮನ್ ಕಾಲದ ಪೊಸೈಡನ್ ವಿಗ್ರಹವಿತ್ತು. ಯವನರ ಕಡಲ ದೇವರು ಸಹ್ಯಾದ್ರಿಯ ಘಟ್ಟ ಹತ್ತಿ ಇಲ್ಲಿಗೆ ಬಂದಿದ್ದ. ಮರುವರ್ಷ ಎಚ್.ಡಿ. ಸಂಕಾಲಿಯಾ ಮತ್ತು ಎಂ.ಜಿ. ದೀಕ್ಷಿತ್ ಅಲ್ಲಿ ಉತ್ಖನನ ನಡೆಸಿದರು. ಶಾತವಾಹನರ ಕಾಲದಲ್ಲೇ ಇಲ್ಲಿ ಊರಿತ್ತು, ದೂರದ ದೇಶಗಳ ಜೊತೆ ವ್ಯಾಪಾರವಿತ್ತು ಎಂಬುದು ಖಚಿತವಾಯಿತು.

ಅದೇ ಕಾಲೇಜಿನಲ್ಲಿ ಅರ್ಧಮಾಗಧಿ ಕಲಿಸುತ್ತಿದ್ದವರು ಸದಲಗಾದ ಆ.ನೇ. ಉಪಾಧ್ಯೆ. 1950ರ ಸುಮಾರಿಗೆ ವಿ.ಕೃ. ಗೋಕಾಕರು ಅಲ್ಲಿಯೇ ಪ್ರಾಂಶುಪಾಲರಾಗಿದ್ದರು. ಕುಂದಣಗಾರರು 1961ರಲ್ಲಿ ಗದುಗಿನಲ್ಲಿ, ಉಪಾಧ್ಯೆಯವರು 1967ರಲ್ಲಿ ಶ್ರವಣಬೆಳಗೊಳದಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಮಲ್ಲಿಕಾರ್ಜುನ ಮನ್ಸೂರರಿಗೆ ಜೈಪುರ ಘರಾಣೆಯ ವಿದ್ಯೆ ಧಾರೆ ಎರೆದ ಭುರ್ಜಿಖಾನ್ ಸಾಹೇಬರ ಮನೆ ಇದ್ದದ್ದೂ ಇದೇ ಊರಿನಲ್ಲಿ. ಕನ್ನಡದ ವಿದ್ವತ್ತಿಗೂ ಸಂಗೀತಕ್ಕೂ ಕೊಲ್ಹಾಪುರ ಹೀಗೆ ತವರಾಗಿತ್ತು.

ನಲ್ಲಿ ಬಂತು, ಕೆರೆ ಹೋಯಿತು

ಕೊಲ್ಹಾಪುರದ ರಾಜರ್ಷಿ ಶಾಹು ಮಹಾರಾಜರು ನೀರಿನ ವಿಷಯದಲ್ಲಿ ದೂರ ನೋಡಿದವರು. ಭೋಗಾವತಿಗೆ ಅಡ್ಡಲಾಗಿ ರಾಧಾನಗರಿಯಲ್ಲಿ 1909ರಲ್ಲಿ ಅಣೆಕಟ್ಟೆಯ ಕೆಲಸ ಹಿಡಿಸಿದರು. ಅವರು 1922ರಲ್ಲಿ ತೀರಿಕೊಂಡರು. ಕೆಲಸ ಪೂರ್ತಿಯಾದದ್ದು 1957ರಲ್ಲಿ. ಅದಕ್ಕೆ ಅವರು ಇಟ್ಟ ಹೆಸರೂ ಲಕ್ಷ್ಮೀ ತಲಾವ್, ಅಂದರೆ ಲಕ್ಷ್ಮಿಯ ಕೆರೆ.

ನದಿಯ ನೀರು ಕೊಳವೆಯಲ್ಲಿ ಮನೆಬಾಗಿಲಿಗೆ ಬಂದ ಮೇಲೆ ಊರೊಳಗಿನ ಕೆರೆಗಳ ಕಡೆ ನೋಡುವವರು ಇಲ್ಲವಾದರು. ಬಳಸದ ನೀರು ಹೊಲಸಾಯಿತು. ಹೊಲಸಾದ ಕೆರೆ ಮುಚ್ಚಲು ನೆಪವಾಯಿತು. ಮುಚ್ಚಿದ ಕೆರೆ ಬೆಲೆಬಾಳುವ ನಿವೇಶನವಾಯಿತು. ಬೆಂಗಳೂರಿನ ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ ಬಸ್ ನಿಲ್ದಾಣವಾದದ್ದೂ, ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾದದ್ದೂ ಇದೇ ದಾರಿಯಲ್ಲಿ.

ಬೆಳಗ್ಗೆ ಕಪಿಲತೀರ್ಥ ಮಂಡಿಗೆ ಹೋಗಿ ನೋಡಿ. ಮೆಂತ್ಯ, ಹಸಿಮೆಣಸು, ಗಜ್ಜರಿಯ ರಾಶಿಗಳ ನಡುವೆ ಕಾಲಿಡಲು ಜಾಗವಿಲ್ಲ. ಸಂಜೆ ಶಾಹು ಕ್ರೀಡಾಂಗಣದಲ್ಲಿ ಪಾಟಾಕಡೀಲ್ ತಾಲೀಮು, ಖಂಡೋಬಾ ತಾಲೀಮುಗಳ ಫುಟ್‌ಬಾಲ್ ಪಂದ್ಯ ಇದ್ದರೆ ಇಡೀ ಪೇಟೆ ಅಲ್ಲಿ ಸೇರುತ್ತದೆ. ಗಾಂಧಿ ಮೈದಾನದಲ್ಲಿ ಸಭೆ, ಜಾತ್ರೆ. ಈ ಮೂರೂ ಜಾಗಗಳಲ್ಲಿ ಕಾಲ ಕೆಳಗಿರುವುದು ಕೆರೆಯ ಅಂಗಳ. ಗದ್ದಲದ ನಡುವೆ ಅದನ್ನು ನೆನೆಯುವವರು ವಿರಳ.

---

ಚೌಕಟ್ಟು: ಕೆರೆ ಹೋಗಿ ಏನಾಯಿತು?

- ಕಪಿಲತೀರ್ಥ: ತರಕಾರಿ ಮಂಡಿ
- ವರುಣತೀರ್ಥ: ಗಾಂಧಿ ಮೈದಾನ
- ರಾವಣೇಶ್ವರ ಕೆರೆ: ಶಾಹು ಕ್ರೀಡಾಂಗಣ
- ಸಿದ್ಧಾಳ: ಉದ್ಯಾನ
- ಉಳಿದವು: ರಂಕಾಳ, ಕೋಟಿತೀರ್ಥ, ಕಳಂಬಾ, ರಾಜಾರಾಮ ಕೆರೆ

---

ಮಳೆ ಕೇಳುವ ಲೆಕ್ಕ

ಕೆರೆ ಮುಚ್ಚಬಹುದು, ಮಳೆ ನಿಲ್ಲಿಸಲಾಗದು. ಜೋರು ಮಳೆ ಬಂದಾಗ ಈ ಮೈದಾನಗಳ ಸುತ್ತಲಿನ ರಸ್ತೆಗಳಲ್ಲಿ ನೀರು ನಿಲ್ಲುತ್ತದೆ. ತನ್ನ ಹಳೆಯ ಜಾಗವನ್ನು ಊರು ಮರೆತರೂ ನೀರು ಮರೆಯುವುದಿಲ್ಲ.

ಪಂಚಗಂಗೆಯ ಮಹಾಪೂರದ ಕಥೆ ಬೇರೆ. ಕಾಸಾರಿ, ಕುಂಭಿ, ತುಳಸಿ, ಭೋಗಾವತಿಗಳ ಜಲಾನಯನದಲ್ಲಿ ಸಹ್ಯಾದ್ರಿಯ ಮಳೆ ಒಮ್ಮೆಲೇ ಸುರಿದರೆ ಊರ ಕೆರೆಗಳು ಅದನ್ನು ತಡೆಯಲಾರವು. ರಾಜಾರಾಮ ಬಂಧಾರದ ಬಳಿ ನದಿಯ ಅಪಾಯದ ಮಟ್ಟ 43 ಅಡಿ. 2019ರ ಆಗಸ್ಟಿನಲ್ಲಿ ನೀರು 55 ಅಡಿ ದಾಟಿತು. ಹಾತಕಣಂಗಲೆ ತಾಲ್ಲೂಕಿನ ಶಿರೋಲಿ ಬಳಿ ಪುಣೆ–ಬೆಂಗಳೂರು ಹೆದ್ದಾರಿಯೇ ಹೊಳೆಯಾಯಿತು. ದಿನಗಟ್ಟಲೆ ಲಾರಿಗಳು ಸಾಲುಗಟ್ಟಿ ನಿಂತವು. 2021ರಲ್ಲಿ ಮತ್ತದೇ ಪಾಡು.

ನದಿ ತುಂಬಿದಾಗ ಊರ ನಡುವಿನ ಜಯಂತಿ ನಾಲೆಯ ನೀರಿಗೆ ಹೋಗಲು ಜಾಗವಿರುವುದಿಲ್ಲ, ಅದು ಹಿಂದಕ್ಕೆ ನುಗ್ಗುತ್ತದೆ. ಊರೊಳಗೆ ಬಿದ್ದ ಮಳೆಯನ್ನು ಆ ಹೊತ್ತಿನಲ್ಲಿ ತಡೆದು ಇಟ್ಟುಕೊಳ್ಳಲು ಬೇಕಾದವು ಕೆರೆಗಳೇ. ಮುಚ್ಚಿದ ಒಂದೊಂದು ಕೆರೆಯೂ ಆಪತ್ಕಾಲಕ್ಕೆ ಇಟ್ಟ ಗಂಟಾಗಿತ್ತು. ನಾವು ಅದನ್ನು ಒಳ್ಳೆಯ ದಿನಗಳಲ್ಲಿ ಖರ್ಚು ಮಾಡಿಬಿಟ್ಟೆವು.

ರಂಕಾಳದ ಹಸಿರು ಹೊದಿಕೆ

ಉಳಿದ ರಂಕಾಳವಾದರೂ ಸುಖವಾಗಿದೆಯೇ? ಸುತ್ತ ಬೆಳೆದ ಬಡಾವಣೆಗಳ ಕೊಳಚೆ ನಾಲೆಗಳಲ್ಲಿ ಹರಿದು ಬಂದು ಇದನ್ನೇ ಸೇರಿತು. ಆ ನೀರಿನ ಸಾರಜನಕ, ರಂಜಕ ಉಂಡ ಅಂತರಗಂಗೆ ಕಳೆ ಕೆರೆಯನ್ನು ಹಾಸಿ ಹೊದೆಯಿತು. ಪಾಚಿ ಬೆಳೆದು ನೀರು ಹಸಿರು ಬಣ್ಣ ತಿರುಗಿತು. ಗಾಳಿ ಬೀಸಿದತ್ತ ನಾತ. ರಾಷ್ಟ್ರೀಯ ಕೆರೆ ಸಂರಕ್ಷಣಾ ಯೋಜನೆಯ ಹಣ ಬಂತು. ಊರಿನ ಜನ ಹಸಿರು ನ್ಯಾಯಮಂಡಳಿಯ ಬಾಗಿಲು ತಟ್ಟಿದರು. ನಾಲೆಗಳನ್ನು ತಿರುಗಿಸುವ ಕೆಲಸ ನಡೆಯಿತು. ಕಳೆ ಕಿತ್ತರು, ಅದು ಮತ್ತೆ ಬಂತು. ಕೊಳಚೆ ನಿಲ್ಲದೆ ಕಳೆ ಕೀಳುವುದು ಬೇರು ಬಿಟ್ಟು ಎಲೆ ಚಿವುಟಿದ ಹಾಗೆ.

ಮನಸ್ಸು ಮಾಡಿದರೆ ಊರು ಬದಲಾಗುತ್ತದೆ ಎನ್ನಲು ರಂಕಾಳದ ಪಕ್ಕದಲ್ಲೇ ಸಾಕ್ಷಿಯಿದೆ. ಗಣೇಶ ಚೌತಿಯಲ್ಲಿ ಸಾವಿರಾರು ಮೂರ್ತಿಗಳು ಬೀಳುತ್ತಿದ್ದದ್ದು ಪಂಚಗಂಗೆಗೆ, ರಂಕಾಳಕ್ಕೆ, ಕೋಟಿತೀರ್ಥಕ್ಕೆ. ಈಗ ಅನೇಕ ಮಂಡಳಿಗಳು ದೊಡ್ಡ ಮೂರ್ತಿಗಳನ್ನು ರಂಕಾಳಕ್ಕೆ ಹತ್ತಿಕೊಂಡ ಇರಾಣಿ ಖಾಣಿ ಎಂಬ ಗಣಿಹೊಂಡಕ್ಕೆ ಒಯ್ಯುತ್ತವೆ. ಮನೆಯ ಗಣಪತಿಗಳನ್ನು ನೀರಿಗೆ ಬಿಡದೆ ದಾನವಾಗಿ ಒಪ್ಪಿಸುವವರೂ ಬಹಳ ಮಂದಿ. ಭಕ್ತಿ ಎಳ್ಳಷ್ಟೂ ಕುಂದಿಲ್ಲ. ಕೆರೆಯ ಭಾರ ಇಳಿದಿದೆ.

ಇದು ಕೊಲ್ಹಾಪುರದವರ ತಲೆನೋವು, ನಮಗೇಕೆ ಎನ್ನುವಂತಿಲ್ಲ. ಊರ ಕೊಳೆಯೆಲ್ಲ ಕೊನೆಗೆ ಸೇರುವುದು ಪಂಚಗಂಗೆಯನ್ನು. ಕೆಳಗಿನ ಇಚಲಕರಂಜಿಯಲ್ಲಿ 2012ರಲ್ಲಿ ನೀರಿನಿಂದ ಕಾಮಾಲೆ ಹರಡಿ ಜನ ಪ್ರಾಣ ಕಳೆದುಕೊಂಡರು. ಅಲ್ಲಿಂದ ಮುಂದೆ ನೃಸಿಂಹವಾಡಿಯಲ್ಲಿ ಪಂಚಗಂಗೆ ಕೃಷ್ಣೆಗೆ ಬೀಳುತ್ತಾಳೆ. ಆ ಕೃಷ್ಣೆಯೇ ಗಡಿ ದಾಟಿ ಚಿಕ್ಕೋಡಿ, ಅಥಣಿ, ಜಮಖಂಡಿಯ ಹೊಲಕ್ಕೂ ಕೊಡಕ್ಕೂ ಬರುತ್ತಾಳೆ. ಗಡಿಯ ತಕರಾರು ನ್ಯಾಯಾಲಯದಲ್ಲಿ ಇದ್ದುಕೊಳ್ಳಲಿ. ನೀರಿಗೆ ಗಡಿಯಿಲ್ಲ, ಹೊಲಸಿಗೂ ಇಲ್ಲ.

ಮಾಡಬೇಕಾದದ್ದು

ಕೆಲಸ ಕಷ್ಟದ್ದು, ಗೊತ್ತಿಲ್ಲದ್ದಲ್ಲ. ರಂಕಾಳಕ್ಕೆ ಬರುವ ಪ್ರತಿ ನಾಲೆಯ ಕೊಳಚೆಯೂ ಕೆರೆ ಮುಟ್ಟುವ ಮುಂಚೆ ಶುದ್ಧೀಕರಣ ಘಟಕಕ್ಕೆ ತಿರುಗಬೇಕು. ಮಳೆನೀರಿನ ಕಾಲುವೆ ಬೇರೆ, ಕೊಳಚೆಯ ಕೊಳವೆ ಬೇರೆ ಆಗಬೇಕು. ಕೋಟಿತೀರ್ಥ, ಕಳಂಬಾ, ರಾಜಾರಾಮ ಕೆರೆಗಳ ಅಂಚಿನಲ್ಲಿ ಇನ್ನೊಂದು ಇಟ್ಟಿಗೆ ಏಳಬಾರದು. ಮುಚ್ಚಿದ ಕೆರೆಗಳ ಜಾಗದಲ್ಲಿ ಅವುಗಳ ಹೆಸರು, ಕಾಲ, ವಿಸ್ತಾರ ಹೇಳುವ ಫಲಕ ನಿಲ್ಲಬೇಕು. ಮರಾಠಿಯ ಜೊತೆ ಕನ್ನಡದಲ್ಲೂ ಬರೆದರೆ ನವರಾತ್ರಿಗೆ ಬರುವ ಲಕ್ಷಾಂತರ ಭಕ್ತರಿಗೆ ಈ ಊರಿನ ನಿಜವಾದ ವಯಸ್ಸು ತಿಳಿದೀತು.

ಭಕ್ತರ ಪಾಲಿನ ಕೆಲಸವೂ ಇದೆ. ದೇವಿಗೆ ಉಡಿ ತುಂಬಿದ ಕೈಯಿಂದ ರಂಕಾಳಕ್ಕೆ ಪ್ಲಾಸ್ಟಿಕ್ ಚೀಲ, ನಿರ್ಮಾಲ್ಯ ಎಸೆಯದಿರುವುದು ದೊಡ್ಡ ವ್ರತವೇನೂ ಅಲ್ಲ.

ಗಂಡರಾದಿತ್ಯ ಕೆರೆ ಕಟ್ಟಿಸಿ, ಮೂರು ದೇವರಿಗೆ ಜಾಗ ಕೊಟ್ಟು, ಅದರ ಖರ್ಚಿಗೆ ಭೂಮಿಯನ್ನೂ ತೆಗೆದಿಟ್ಟ. ಕಟ್ಟಿದ್ದು ಉಳಿಯಬೇಕಾದರೆ ಪ್ರತಿವರ್ಷ ಅದಕ್ಕೆ ಹಣ, ಕೈ, ಕಾವಲು ಬೇಕು ಎಂಬ ತಿಳಿವಳಿಕೆ 1110ರ ಅರಸನಿಗಿತ್ತು. ಇಂದಿನ ನಗರಸಭೆಗಳಿಗೆ ಅವನಂತೆ ದೊಡ್ಡ ಕೆರೆ ಕಟ್ಟುವ ಕೆಲಸವಿಲ್ಲ. ಕಟ್ಟಿಕೊಟ್ಟದ್ದನ್ನು ಕಾಯುವ ಕೆಲಸವಿದೆ. ಅದಕ್ಕೆ ಬಜೆಟ್ಟಿನಲ್ಲಿ ಒಂದು ಸಾಲು, ಮೇಲ್ವಿಚಾರಣೆಗೆ ಊರಿನವರ ಒಂದು ಸಮಿತಿ, ವರ್ಷಕ್ಕೊಮ್ಮೆ ನೀರಿನ ಪರೀಕ್ಷೆಯ ಬಹಿರಂಗ ವರದಿ. ಈ ನವರಾತ್ರಿಯಿಂದಲೇ ಶುರುವಾದರೆ ತಡವೇನೂ ಆಗಿಲ್ಲ.